ಕಂಪ್ಯೂಟರ್ ಸೈನ್ಸ್, ಫೌಂಡೇಶನ್ ವರ್ಷ: ಇಲ್ಲಿ ಬೆಳೆದವರಿಗೆ ಒಂದು ಲೆಕ್ಕ, ತುಮಕೂರಿನಿಂದ ಬರುವವರಿಗೆ ಇನ್ನೊಂದು

ಎಲ್ಲರಿಗೂ ನಮಸ್ಕಾರ. ಫೌಂಡೇಶನ್ ವರ್ಷ (ಪದವಿಗೆ ಮೊದಲಿನ ತಯಾರಿಯ ವರ್ಷ) ಸೇರಿಸಿಕೊಂಡು ಕಂಪ್ಯೂಟರ್ ಸೈನ್ಸ್ ಓದಿಸುವುದರ ಬಗ್ಗೆ ಗುಂಪಿನಲ್ಲಿ ಇಬ್ಬರು ಕೇಳಿದ್ದಾರೆ. ಒಬ್ಬರ ಮಗಳು ಇಲ್ಲೇ ಇಂಗ್ಲೆಂಡಿನಲ್ಲಿ ಬೆಳೆದವಳು. ಇನ್ನೊಬ್ಬರ ಅಣ್ಣನ ಮಗ ತುಮಕೂರಿನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ ಕೂತಿದ್ದಾನೆ. ಉತ್ತರ ಬರೆದವರೆಲ್ಲ ಇಬ್ಬರಿಗೂ ಸೇರಿಸಿ "ಒಳ್ಳೆಯ ಕೋರ್ಸ್, ಕಳಿಸಿ" ಅಂದುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮೂರೂ ತುಮಕೂರೇ, ನನ್ನ ಮಗಳು ಇದೇ ಕೋರ್ಸ್ ಓದುತ್ತಿದ್ದಾಳೆ, ಹಾಗಾಗಿ ಎರಡೂ ಕಡೆಯ ಲೆಕ್ಕ ಸ್ವಲ್ಪ ಗೊತ್ತು.

ಮೊದಲು ಇಲ್ಲಿ ಬೆಳೆದ ಮಕ್ಕಳದ್ದು. ಊರಲ್ಲಿ ಸೈನ್ಸ್ ತಗೊಂಡರೆ ಪಿಸಿಎಂ ಜೊತೆಗೇ ಬರುತ್ತದೆ. ಇಲ್ಲಿ ಹದಿನಾರು ವರ್ಷದ ಮಗು ತಾನೇ ಕೂತು ಎ ಲೆವೆಲ್‌ಗೆ (ನಮ್ಮ ಪಿಯುಸಿ ಇದ್ದ ಹಾಗೆ) ಮೂರು ವಿಷಯ ಆರಿಸಬೇಕು. ನನ್ನ ಮಗಳು ಸೈಕಾಲಜಿ, ಬಿಸಿನೆಸ್, ಆರ್ಟ್ ತಗೊಂಡಳು. ಆಮೇಲೆ ಕಂಪ್ಯೂಟರ್ ಓದುತ್ತೇನೆ ಅಂದಳು! ಮ್ಯಾತ್ಸ್ ಇಲ್ಲದೆ ಒಳ್ಳೆಯ ಕಡೆ ನೇರ ಮೊದಲ ವರ್ಷಕ್ಕೆ ಸೀಟು ಸಿಗುವುದು ಕಷ್ಟ. ಇಂಥವರಿಗಾಗಿಯೇ ಈ ಫೌಂಡೇಶನ್ ವರ್ಷ ಇರುವುದು. ಯೂಕ್ಯಾಸ್‌ನಲ್ಲಿ (ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ವ್ಯವಸ್ಥೆ) ಒಂದೇ ಅರ್ಜಿ, ಒಟ್ಟು ನಾಲ್ಕು ವರ್ಷ. ಮೊದಲನೆಯದಕ್ಕೆ ಇಯರ್ ಝೀರೋ ಅನ್ನುತ್ತಾರೆ, ಅದರ ಮಟ್ಟ ಎ ಲೆವೆಲ್‌ನಷ್ಟೇ. ಆ ವರ್ಷದ ಮಾರ್ಕ್ಸ್ ಪದವಿಯ ಕ್ಲಾಸ್‌ಗೆ (ಫಸ್ಟ್, ಸೆಕೆಂಡ್ ಅನ್ನುವುದಕ್ಕೆ) ಸೇರುವುದಿಲ್ಲ, ಆದರೆ ಪಾಸಾಗದೆ ಮುಂದಕ್ಕೆ ಬಿಡುವುದಿಲ್ಲ. ಎಷ್ಟು ಮಾರ್ಕ್ಸ್ ಬೇಕು ಅನ್ನುವುದು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ. ಸೇರುವ ಮೊದಲೇ ಕೇಳಿ. (ಊರಿಗೆ ಹೋದಾಗ "ಏನಮ್ಮ, ಒಂದು ವರ್ಷ ಫೇಲಾದಳಾ?" ಅಂತ ಕೇಳುತ್ತಾರೆ. ಸುಮ್ನೆ ನಕ್ಕುಬಿಡಿ.)

ಏನು ಕಲಿಸುತ್ತಾರೆ? ಪೈಥಾನ್ ಪ್ರೋಗ್ರಾಮಿಂಗ್, ಬೈನರಿ, ಲಾಜಿಕ್ ಗೇಟ್, ಒಂದು ಪ್ರಾಜೆಕ್ಟ್, ರಿಪೋರ್ಟ್ ಬರೆಯುವುದು. ಇವೆಲ್ಲ ಮಕ್ಕಳು ಹೇಗೋ ದಾಟುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಮ್ಯಾತ್ಸ್‌ನಲ್ಲಿ. ಲಾಗರಿದಮ್, ಮ್ಯಾಟ್ರಿಕ್ಸ್, ಸೆಟ್‌ಗಳು, ಫಂಕ್ಷನ್, ಸ್ವಲ್ಪ ಕ್ಯಾಲ್ಕುಲಸ್. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಆದಮೇಲೆ ಎರಡು ವರ್ಷ ಲೆಕ್ಕವನ್ನೇ ಮುಟ್ಟದವರಿಗೆ ಮೊದಲ ಟರ್ಮ್ ಗೋಡೆ ಹತ್ತಿದ ಹಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಟರ್ಮ್ ಪೂರ್ತಿ ತುಮಕೂರಿನ ನಮ್ಮಣ್ಣ ವಾಟ್ಸಾಪ್ ವಿಡಿಯೋದಲ್ಲಿ ಪಾಠ ಮಾಡಿದರು. ಅವರು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು, ಮ್ಯಾಟ್ರಿಕ್ಸ್ ಅವರಿಗೆ ನಿದ್ದೆಯಲ್ಲೂ ಬರುತ್ತದೆ. ಮುಂದಿನ ವರ್ಷ ಡಿಸ್ಕ್ರೀಟ್ ಮ್ಯಾತ್ಸ್, ಡೇಟಾ ಸ್ಟ್ರಕ್ಚರ್ ಬಂದಾಗ ಇದೇ ತಳಪಾಯ ಕೆಲಸಕ್ಕೆ ಬಂತು. ಮಗು ಗೇಮ್ ಚೆನ್ನಾಗಿ ಆಡುತ್ತಾನೆ, ಹಾಗಾಗಿ ಕಂಪ್ಯೂಟರ್‌ಗೆ ಹಾಕೋಣ ಅನ್ನುವವರು ಇದನ್ನು ಇನ್ನೊಮ್ಮೆ ಓದಿ.

ದುಡ್ಡಿನ ವಿಷಯಕ್ಕೆ ಬರೋಣ. 2025-26ರಿಂದ ಇಂಗ್ಲೆಂಡಿನಲ್ಲಿ ಬಿಸಿನೆಸ್, ಸಮಾಜ ವಿಜ್ಞಾನದಂಥ ವಿಷಯಗಳ ಫೌಂಡೇಶನ್ ವರ್ಷಕ್ಕೆ ಹೋಮ್ ಫೀಸಿನ (ಇಲ್ಲಿಯವರಿಗೆ ಇರುವ ಕಡಿಮೆ ಫೀಸು) ಮಿತಿ 5,760 ಪೌಂಡ್‌ಗೆ ಇಳಿದಿದೆ. ಕಂಪ್ಯೂಟಿಂಗ್ ಆ ಪಟ್ಟಿಯಲ್ಲಿಲ್ಲ, ಅದಕ್ಕೆ ಆ ವರ್ಷದ ಮಿತಿ 9,535. ಫೌಂಡೇಶನ್ ವರ್ಷ ಪದವಿಯೊಳಗೇ ಸೇರಿದ್ದರೆ ಆ ವರ್ಷಕ್ಕೂ ಸ್ಟೂಡೆಂಟ್ ಲೋನ್ ಸಿಗುತ್ತದೆ. ಈಗ ಸೇರುವವರದ್ದು ಪ್ಲಾನ್ 5: ಸಂಬಳ ವರ್ಷಕ್ಕೆ 25,000 ಪೌಂಡ್ ದಾಟಿದ ಮೇಲೆ, ದಾಟಿದ ಭಾಗದ ಶೇ. 9 ಕಟ್ಟಬೇಕು, 40 ವರ್ಷದ ನಂತರ ಉಳಿದದ್ದು ಮಾಫಿ. ಲೋನ್ ಕೊಡುವುದು ಕೋರ್ಸ್‌ನ ಅವಧಿಗೆ ಇನ್ನೊಂದು ವರ್ಷ ಸೇರಿಸಿ, ಹಿಂದೆ ಓದಿದ ವರ್ಷ ಕಳೆದು. ಅರ್ಧಕ್ಕೆ ಬಿಟ್ಟು ಕೋರ್ಸ್ ಬದಲಾಯಿಸುತ್ತಾ ಹೋದರೆ ಆ ಹೆಚ್ಚುವರಿ ವರ್ಷ ಕರಗಿಹೋಗುತ್ತದೆ.

ವರ್ಕ್ ವೀಸಾದಲ್ಲಿ ಬಂದ ಹೊಸಬರು ಇಲ್ಲಿ ಜಾಸ್ತಿ ಇದ್ದೀರಿ, ನೀವು ಇದನ್ನು ಗಮನಿಸಿ. ಹೋಮ್ ಫೀಸ್ ಸಿಗಲು ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಹೊತ್ತಿಗೆ ಮಗುವಿಗೆ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರಲು ಅನುಮತಿ) ಅಥವಾ ಪೌರತ್ವ ಇರಬೇಕು, ಹಿಂದಿನ 3 ವರ್ಷ ಇಲ್ಲೇ ವಾಸವಿರಬೇಕು. ನಾಲ್ಕು ವರ್ಷದ ಕೋರ್ಸ್‌ನಲ್ಲಿ ಶುರು ಅಂದರೆ ಇಯರ್ ಝೀರೋದ ಶುರು. "ಐಎಲ್‌ಆರ್ ಮುಂದಿನ ವರ್ಷ ಬರುತ್ತದಲ್ವಾ, ಈಗ ಸೇರಿಸಿಬಿಡೋಣ" ಅನ್ನುವ ಮೊದಲು ಯೂನಿವರ್ಸಿಟಿಯ ಫೀಸ್ ಆಫೀಸಿಗೆ ಬರೆದು ಕೇಳಿ. ಅಷ್ಟಕ್ಕೇ ಒಂದು ವರ್ಷ ಕಾದರೂ ತಪ್ಪಿಲ್ಲ.

ಇನ್ನು ಗುಂಪಿನಲ್ಲಿ ಕೇಳಿದ ಇನ್ನೊಬ್ಬರ ಅಣ್ಣನ ಮಗ. ಅವನಿಗೆ ಬಿ.ಎಚ್. ರಸ್ತೆಯ ಕನ್ಸಲ್ಟೆನ್ಸಿಯವರು ಹೇಳಿದ ಫೌಂಡೇಶನ್ ಇದೇ ಅಲ್ಲದಿರಬಹುದು. ಹೊರದೇಶದವರಿಗೆ ಖಾಸಗಿ ಕಾಲೇಜುಗಳು ಬೇರೆಯಾಗಿ ನಡೆಸುವ ಒಂದು ವರ್ಷದ ಫೌಂಡೇಶನ್ ಇದೆ. ಅದನ್ನು ಮುಗಿಸಿದರೆ ಗೊತ್ತಾದ ಕೆಲವು ಯೂನಿವರ್ಸಿಟಿಗಳಿಗೆ ಮಾತ್ರ ದಾರಿ. ಪದವಿಗಿಂತ ಕೆಳಗಿನ ಕೋರ್ಸ್‌ಗೆ ಬಂದವರು ಟರ್ಮ್ ನಡೆಯುವಾಗ ವಾರಕ್ಕೆ 10 ಗಂಟೆ ಮಾತ್ರ ಕೆಲಸ ಮಾಡಬಹುದು, ಪದವಿಯವರಿಗೆ 20. ಫೀಸು ಇಂಟರ್‌ನ್ಯಾಷನಲ್, ಲೋನ್ ಇಲ್ಲ, ಹೆಲ್ತ್ ಸರ್‌ಚಾರ್ಜ್ (ಸರ್ಕಾರಿ ಚಿಕಿತ್ಸೆಗಾಗಿ ವೀಸಾ ಜೊತೆ ಕಟ್ಟುವ ಹಣ) ವರ್ಷಕ್ಕೆ 776 ಪೌಂಡ್ ಬೇರೆ. ಇದೆಲ್ಲ ನಾಲ್ಕು ವರ್ಷ. ಮುಗಿದ ಮೇಲೆ ಇಲ್ಲೇ ಇದ್ದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಷ್ಟೇ.

ಅದೇ ಹುಡುಗ ತುಮಕೂರಿನಲ್ಲೇ ಬಿಸಿಎ ಮಾಡಲಿ, ಇಲ್ಲವೇ ಸಿಇಟಿ ರ‍್ಯಾಂಕ್‌ಗೆ ಸಿಕ್ಕ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮಾಡಲಿ. ಎಸ್‌ಐಟಿ (ತುಮಕೂರಿನ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು) ಸಿಗದಿದ್ದರೆ ಇನ್ನೊಂದು. ಆಮೇಲೂ ಇಂಗ್ಲೆಂಡೇ ಬೇಕು ಅನ್ನಿಸಿದರೆ ಒಂದು ವರ್ಷದ ಮಾಸ್ಟರ್ಸ್‌ಗೆ ಬರಲಿ. ಅದಕ್ಕೂ ಇದೇ ಗ್ರಾಜುಯೇಟ್ ವೀಸಾ. ಒಂದು ವರ್ಷದ ಖರ್ಚಿಗೂ ನಾಲ್ಕು ವರ್ಷದ ಖರ್ಚಿಗೂ ಎಷ್ಟು ವ್ಯತ್ಯಾಸ ನೀವೇ ನೋಡಿ. ಗುಬ್ಬಿ ಹತ್ತಿರದ ತೆಂಗಿನ ತೋಟದ ಮೇಲೆ ಸಾಲ ತೆಗೆಯುತ್ತಾರಂತೆ ಅಂತ ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಕನ್ಸಲ್ಟೆನ್ಸಿಯವರಿಗೆ ಅಡ್ಮಿಶನ್ ಆದರೆ ಸಾಮಾನ್ಯವಾಗಿ ಕಾಲೇಜಿನಿಂದಲೇ ಕಮಿಷನ್ ಬರುತ್ತದೆ, ಅವರು ಬೇಡ ಅನ್ನುವುದಿಲ್ಲ.

ಸ್ಕಾಟ್ಲೆಂಡಿನವರು ಬೈಯಬೇಡಿ, ನಿಮ್ಮಲ್ಲಿ ಪದವಿಯೇ ನಾಲ್ಕು ವರ್ಷ, ನಿಯಮ ಬೇರೆ, ನೀವೇ ಬರೆಯಿರಿ.

ಮಗಳ ಬಗ್ಗೆ ಕೇಳಿದ ಮೇಡಂ, ಜನವರಿ ಗಡುವು ತಪ್ಪಿತು ಅಂತ ಗಾಬರಿ ಬೇಡ. ಜುಲೈನಲ್ಲಿ ಕ್ಲಿಯರಿಂಗ್ (ಉಳಿದ ಸೀಟುಗಳನ್ನು ತುಂಬುವ ಸುತ್ತು) ತೆರೆಯುತ್ತದೆ, ಆಗಸ್ಟ್‌ನಲ್ಲಿ ಎ ಲೆವೆಲ್ ರಿಸಲ್ಟ್ ಬಂದ ದಿನವೂ ಫೌಂಡೇಶನ್ ಸೀಟುಗಳು ಸಿಗುತ್ತವೆ. ಆದರೆ ಫೋನ್ ಮಾಡಿ ಮಾತಾಡಬೇಕಾದವಳು ಅವಳೇ, ನೀವಲ್ಲ.