ಬಿವಿ ಬ್ಯಾಗಿನೊಳಗೆ ಮಲಗಿದರೂ ತೊಯ್ದದ್ದೇಕೆ?

ಪ್ರಶ್ನೆ (ಕಲಬುರಗಿಯ ವಿದ್ಯಾರ್ಥಿ): ಸರ್, ಡಿಸೆಂಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಸಮೀಪ, ಸೋದರಮಾವನ ಹೊಲದಲ್ಲಿ ಒಂದು ರಾತ್ರಿ ಮಲಗಿದ್ದೆ. ಟೆಂಟ್ ಒಯ್ದಿರಲಿಲ್ಲ. ಸ್ಲೀಪಿಂಗ್ ಬ್ಯಾಗಿನ ಮೇಲೆ ಹಾಕಿಕೊಳ್ಳುವ ನೀರು ಇಳಿಯದ ಚೀಲ, ಅಂದರೆ ಬಿವಿ ಬ್ಯಾಗ್ ಮಾತ್ರ ಇತ್ತು. ಒಂದು ಹನಿ ಮಳೆ ಬೀಳಲಿಲ್ಲ. ಆದರೂ ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ತೊಯ್ದಿತ್ತು. ಚೀಲ ಕಳಪೆಯೇ?

ಉತ್ತರ (ಚಾರಣ ಮಾರ್ಗದರ್ಶಕ): ತಮ್ಮಾ, ಚೀಲವನ್ನು ದೂರುವ ಮೊದಲು ಇದನ್ನು ಹೇಳು. ಒದ್ದೆಯಾದದ್ದು ಬೆನ್ನಡಿಯೋ, ಎದೆಯ ಮೇಲೋ?

ಪ್ರಶ್ನೆ: ಕುತ್ತಿಗೆಯಿಂದ ಎದೆಯವರೆಗೆ ಹೆಚ್ಚು, ಪಾದದ ಹತ್ತಿರ ಸ್ವಲ್ಪ. ಬೆನ್ನಡಿ ಒಣಗಿಯೇ ಇತ್ತು. ಚಳಿ ತಡೆಯಲಾಗದೆ ಜಿಪ್ ಪೂರ್ತಿ ಎಳೆದು ತಲೆಯನ್ನೂ ಒಳಗೆ ಸೇರಿಸಿಕೊಂಡಿದ್ದೆ.

ಉತ್ತರ: ಹಾಗಾದರೆ ಅದು ನಿನ್ನದೇ ಉಸಿರಿನ ನೀರು. ನೆಲದಿಂದ ನೀರು ಇಳಿದಿದ್ದರೆ ಮೊದಲು ತೊಯ್ಯುವುದು ಸೊಂಟ ಮತ್ತು ಬೆನ್ನು. ತಣ್ಣಗಿನ ಸ್ಟೀಲ್ ತಟ್ಟೆಗೆ ಉಸಿರು ಬಿಟ್ಟು ನೋಡು, ಕ್ಷಣದಲ್ಲಿ ಮಸುಕಾಗುತ್ತದೆ. ಉಸಿರು ಮತ್ತು ಚರ್ಮದಿಂದ ರಾತ್ರಿಯಿಡೀ ಹೊರಬರುವ ತೇವ ಒಂದು ಲೋಟ ನೀರಿಗೆ ಕಡಿಮೆಯಿಲ್ಲ. ಬಿವಿ ಬ್ಯಾಗಿನ ಬಟ್ಟೆ ಆವಿಯನ್ನು ಹೊರಗೆ ಬಿಡುತ್ತದೆ, ಆದರೆ ಬಹಳ ನಿಧಾನವಾಗಿ. ಹೊರಮೈ ಮೇಲೆ ಇಬ್ಬನಿ ಕೂತರೆ ಇನ್ನೂ ನಿಧಾನ.

ಚಳಿ ಎಷ್ಟೇ ಇರಲಿ, ಮೂಗು ಮತ್ತು ಬಾಯಿ ಹೊರಗಿರಲಿ. ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಇದನ್ನೇ. ತಲೆಗೆ ಉಣ್ಣೆಯ ಟೋಪಿ, ಕುತ್ತಿಗೆಗೆ ಮಫ್ಲರ್ ಇದ್ದರೆ ಮುಖ ತೆರೆದಿಟ್ಟೂ ನಿದ್ದೆ ಬರುತ್ತದೆ. ನಡೆದು ಬೆವರಿದ ಅಂಗಿಯಲ್ಲೇ ಒಳಗೆ ಹೋಗಬೇಡ.

ಜಾಗವೂ ತಪ್ಪಿತು. ನಮ್ಮ ರೈತರು ಕಡಲೆ ಬೆಳೆಯ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ಹುಳಿ ತೆಗೆಯುವುದನ್ನು ನೋಡಿದ್ದೀಯಲ್ಲ? ಬಯಲಿನಲ್ಲಿ ಬಿದ್ದ ನಿನ್ನ ಚೀಲವೂ ಆ ಬಟ್ಟೆಯಂತೆಯೇ. ಮೋಡವಿಲ್ಲದ ರಾತ್ರಿ ಅದರ ಮೈ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಹೊರಗೆ ಇಬ್ಬನಿ, ಒಳಗೆ ಉಸಿರಿನ ಹನಿ. ಮರದ ಕೆಳಗೆ ಮಲಗಿದರೆ ಅಥವಾ ಮೇಲೆ ಒಂದು ತಾಡಪತ್ರಿ ಕಟ್ಟಿದರೆ ಎರಡೂ ಕಡಿಮೆಯಾಗುತ್ತವೆ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ, ನೀರಿನ ದಂಡೆಯಲ್ಲಿ ತೇವವೂ ಹೆಚ್ಚು. ಆದ್ದರಿಂದ ಜಲಾಶಯದಿಂದ ದೂರ, ತುಸು ಎತ್ತರದಲ್ಲಿ ಹಾಸಿಗೆ ಹಾಕು. ಅಲ್ಲಿಂದ ಅಭಯಾರಣ್ಯದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಪ್ರಶ್ನೆ (ಬೀದರ್‌ನಿಂದ ಒಬ್ಬ ಶಿಕ್ಷಕಿ): ಮಳೆಗಾಲದಲ್ಲಿ ಬಿವಿ ಬ್ಯಾಗ್ ಒಂದೇ ಸಾಕೇ ಸರ್?

ಉತ್ತರ: ಸಾಲದು ಮೇಡಂ. ಮಳೆಯಲ್ಲಿ ಚೀಲದ ಬಾಯಿ ಮುಚ್ಚಲೇಬೇಕಾಗುತ್ತದೆ, ಮುಚ್ಚಿದರೆ ಒಳಗಿನಿಂದ ತೊಯ್ಯುತ್ತೀರಿ. ತಾಡಪತ್ರಿಯನ್ನು ಇಳಿಜಾರಾಗಿ ಕಟ್ಟಿ, ಅದರಡಿ ಬಾಯಿ ತೆರೆದು ಮಲಗಿ. ನೆಲವನ್ನೂ ನೋಡಿಕೊಳ್ಳಿ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬೇಗ ಹೀರುತ್ತದೆ. ಎರೆ ಹೊಲದಲ್ಲಿ ನೀರು ಮೇಲೆಯೇ ನಿಂತು ಚೀಲಕ್ಕೆಲ್ಲ ಕೆಸರು ಮೆತ್ತಿಕೊಳ್ಳುತ್ತದೆ. ಒಣಗಿದ ಹಳ್ಳದ ಮರಳು ಎಷ್ಟೇ ಮೆತ್ತಗಿದ್ದರೂ ಅಲ್ಲಿ ಮಲಗಬೇಡಿ, ಮೇಲೆಲ್ಲೋ ಸುರಿದ ಮಳೆ ರಾತ್ರೋರಾತ್ರಿ ಅಲ್ಲಿಗೆ ಬರುತ್ತದೆ. ಗುಡುಗು ಕೇಳಿದರೆ ಮರವೂ ಬೇಡ, ಬಯಲೂ ಬೇಡ, ಊರಿನೊಳಗೆ ಗಟ್ಟಿ ಸೂರಿನ ಕೆಳಗೆ ಹೋಗಿ.

ಪ್ರಶ್ನೆ (ಕಲಬುರಗಿಯ ವಿದ್ಯಾರ್ಥಿ): ಈಗ ತೊಯ್ದಿರುವ ಸ್ಲೀಪಿಂಗ್ ಬ್ಯಾಗನ್ನು ಏನು ಮಾಡಲಿ ಸರ್? ಹಾಗೆಯೇ ಮಡಚಿಟ್ಟಿದ್ದೇನೆ.

ಉತ್ತರ: ಇವತ್ತೇ ಬಿಚ್ಚು ತಮ್ಮಾ. ಸ್ಲೀಪಿಂಗ್ ಬ್ಯಾಗ್, ಬಿವಿ ಬ್ಯಾಗ್ ಎರಡನ್ನೂ ಒಳಮೈ ಹೊರಗೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಹಗ್ಗದ ಮೇಲೆ ಹಾಕು. ಪಾದದ ಮೂಲೆಯನ್ನು ಬೆರಳಿನಿಂದ ಹಿಸುಕಿ ನೋಡು. ಕೊನೆಗೆ ಒಣಗುವುದು ಅದೇ.