ಸುದ್ದಿ ಮುಟ್ಟದವರ ನೋವು: ಓದುಗರ ಸ್ಪಂದನ

ಸಹೋದ್ಯೋಗಿಗಳೆಲ್ಲ ತಮ್ಮೊಬ್ಬರನ್ನು ಬಿಟ್ಟು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿರುವುದನ್ನೂ, ವೇಳಾಪಟ್ಟಿ ಬದಲಾದ ಸಂಗತಿ ತರಗತಿಯ ಬಾಗಿಲಲ್ಲಿ ನಿಂತಾಗ ಮಕ್ಕಳಿಂದ ತಿಳಿದದ್ದನ್ನೂ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ‘ಇಷ್ಟಕ್ಕೇ ನೊಂದುಕೊಳ್ಳುವುದು ನನ್ನ ತಪ್ಪೇ?’ ಎಂಬುದು ಅವರ ಪ್ರಶ್ನೆಯಾಗಿತ್ತು.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಮದುವೆಯಾಗಿ ಪುಣೆಗೆ ಬಂದವಳು. ಅಪ್ಪನಿಗೆ ಕ್ಯಾನ್ಸರ್ ಎಂದು ಅಣ್ಣಂದಿರಿಗೆ, ಅತ್ತಿಗೆಯರಿಗೆ, ಕೊನೆಗೆ ಮನೆಗೆ ಹಾಲು ಹಾಕುವವನಿಗೂ ತಿಳಿದಿದ್ದ ವಿಷಯವನ್ನು, ‘ದೂರದಲ್ಲಿದ್ದಾಳೆ, ಸುಮ್ಮನೆ ಗಾಬರಿಯಾಗುತ್ತಾಳೆ’ ಎಂದು ನಾಲ್ಕು ತಿಂಗಳು ನನ್ನಿಂದ ಮುಚ್ಚಿಟ್ಟರು. ಆ ನಾಲ್ಕು ತಿಂಗಳೂ ನಾನು ಪ್ರತಿ ಭಾನುವಾರ ಫೋನ್ ಮಾಡಿ, ಈ ಸಲ ಒಳ್ಳೆಯ ಮಾವಿನ ಮಿಡಿ ಸಿಕ್ಕಿತೇ ಅಪ್ಪಾ ಎಂದು ಕೇಳುತ್ತಿದ್ದೆ; ಅವರು ಗಂಟಲು ಸರಿಮಾಡಿಕೊಂಡು ‘ಸಿಕ್ಕಿತು ಮಗಳೇ’ ಎನ್ನುತ್ತಿದ್ದರು. ಅವರು ಹೋದ ದುಃಖ ಬರಬರುತ್ತಾ ತಿಳಿಯಾಯಿತು, ಆದರೆ ಆ ಭಾನುವಾರಗಳನ್ನು ನೆನೆದರೆ ಈಗಲೂ ಜೀವ ಹಿಂಡಿದಂತಾಗುತ್ತದೆ. ಅಣ್ಣಂದಿರು ಕೆಟ್ಟವರಲ್ಲ. ತವರಿಗೆ ಹೋದಾಗ ಒಳಕೋಣೆಯಲ್ಲಿ ಯಾರಾದರೂ ದನಿ ತಗ್ಗಿಸಿದರೆ ಮಾತ್ರ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯುತ್ತದೆ.
— ಒಬ್ಬ ಸಹೋದರಿ, ಪುಣೆ

ಸಂಬಳ ಕೊಡುವುದು ಪಾಠ ಮಾಡುವುದಕ್ಕೆ. ಮಕ್ಕಳ ಕಡೆ ಗಮನ ಕೊಡಿ, ಉಳಿದದ್ದನ್ನು ಬಿಡಿ.
— ನಿವೃತ್ತ ಮುಖ್ಯೋಪಾಧ್ಯಾಯರು, ಹಾಸನ

ವೇಳಾಪಟ್ಟಿಯೇ ತಿಳಿಯದಿದ್ದರೆ ಪಾಠಕ್ಕೂ ತೊಂದರೆಯಾಗುತ್ತದೆ ಎಂಬುದನ್ನು ಹಿರಿಯರ ಗಮನಕ್ಕೆ ತರುತ್ತಾ ಮುಂದಿನ ಪತ್ರಕ್ಕೆ ಬರೋಣ. –ಸಂ.

ನಾನು ಮನಶ್ಶಾಸ್ತ್ರ ಬೋಧಿಸುವವನು. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರ್ ಪರದೆಯ ಆಟದಲ್ಲಿ ಮುಖಪರಿಚಯವೂ ಇಲ್ಲದವರು ತಮ್ಮನ್ನು ಸೇರಿಸಿಕೊಳ್ಳದೆ ಹೋದದ್ದಕ್ಕೇ ಜನ ನೊಂದರು. ಉಳಿದವರಿಗೆ ಗೊತ್ತಿರುವ ಮಾಹಿತಿ ತನಗೊಬ್ಬನಿಗೆ ತಿಳಿಯದಿರುವುದೂ ಮನಸ್ಸಿಗೆ ಬಹಿಷ್ಕಾರದಂತೆಯೇ ತಾಗುತ್ತದೆ ಎಂಬುದನ್ನು ವಿಲಿಯಮ್ಸ್ ಅವರೂ ಸೇರಿ ನಡೆಸಿದ 2009ರ ಅಧ್ಯಯನ ತೋರಿಸಿತು. ಹಾಗಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.
— ಉಪನ್ಯಾಸಕರು, ಧಾರವಾಡ

ಕೊನೆಯ ಪತ್ರ ಗುಂಪಿನ ಒಳಗಿದ್ದವರದು. ಇದನ್ನು ಬರೆಯಲು ಧೈರ್ಯ ಬೇಕು. –ಸಂ.

ನಮ್ಮ ಶಾಲೆಯಲ್ಲೂ ಹೀಗೇ ಆಯಿತು. ಯಾರದೋ ಬೀಳ್ಕೊಡುಗೆಗೆಂದು ಮಾಡಿದ ಗುಂಪು ಹಾಗೆಯೇ ಉಳಿದು ಎಲ್ಲ ಮಾತೂ ಅದರಲ್ಲೇ ನಡೆಯತೊಡಗಿತು. ಆಮೇಲೆ ವರ್ಗವಾಗಿ ಬಂದವರನ್ನು ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಿಂದೆ ಜವಾನ ಮೆಮೊ ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಬರುತ್ತಿದ್ದ, ಎಲ್ಲರ ಸಹಿಯೂ ಬೀಳದೆ ಅದು ಹೆಡ್‌ಮಾಸ್ಟರ ಮೇಜಿಗೆ ಮರಳುತ್ತಿರಲಿಲ್ಲ. ಆ ಪುಸ್ತಕವನ್ನೇ ಮತ್ತೆ ತರಿಸಿ ಎಂದು ನೀವು ಧಾರಾಳವಾಗಿ ಕೇಳಬಹುದು. ನಿಮ್ಮ ಪತ್ರ ಓದಿದ ಮರುದಿನವೇ ನಾನು ನಮ್ಮ ಶಾಲೆಯ ಆ ಹೊಸಬರನ್ನು ಗುಂಪಿಗೆ ಸೇರಿಸಿ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಮೇಡಂ’ ಎಂದರು, ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.
— ಹಿರಿಯ ಶಿಕ್ಷಕಿ, ತುಮಕೂರು