ಸಹಾಯ ಬೇಕು: ಜೀವನ ಕೌಶಲದ ಪ್ರಶ್ನಾವಳಿಗೆ ಶಿಕ್ಷಕರೆಲ್ಲ ‘ಒಪ್ಪುತ್ತೇನೆ’ ಎನ್ನುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂ.ಇಡಿ. ಓದುತ್ತಿದ್ದೇನೆ. ಜೀವನ ಕೌಶಲ ಶಿಕ್ಷಣದ ಬಗ್ಗೆ ಮಂಡ್ಯ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರ ಮನೋಭಾವ ಏನು ಎಂಬುದು ನನ್ನ ಪ್ರಬಂಧದ ವಿಷಯ. ನಿರ್ಧಾರ ಕೈಗೊಳ್ಳುವುದು, ಪರಾನುಭೂತಿ, ಒತ್ತಡ ನಿಭಾಯಿಸುವುದು ಹೀಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10 ಕೌಶಲಗಳನ್ನು ಇಟ್ಟುಕೊಂಡು 5 ಹಂತದ ಲೈಕರ್ಟ್ ಮಾಪನಿ (ಪ್ರತಿ ಹೇಳಿಕೆಗೂ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ 5ರಿಂದ 1 ಅಂಕ ಕೊಡುವ ಪ್ರಶ್ನಾವಳಿ) ಸಿದ್ಧಪಡಿಸಿದ್ದೇನೆ.

ತೊಡಕು ಇಲ್ಲಿದೆ. ಪರೀಕ್ಷಾರ್ಥವಾಗಿ ಕೊಟ್ಟ ಹಾಳೆಗಳೆಲ್ಲ ‘ಸಂಪೂರ್ಣ ಒಪ್ಪುತ್ತೇನೆ’ ಕಡೆಗೇ ವಾಲಿವೆ. ಅದೇ ಹಾಳೆ ಹಿಂದಿರುಗಿಸುತ್ತಾ ಮದ್ದೂರು ಕಡೆಯ ಗಣಿತದ ಮೇಷ್ಟ್ರೊಬ್ಬರು, “ಇದೆಲ್ಲ ಚೆನ್ನಾಗಿದೆಯಮ್ಮ, ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ನೋಟಿಸು ಬರುವುದು ನಮಗೇ” ಎಂದರು. ನನಗೆ ಬೇಕಾದದ್ದು ಆ ಮಾತು. ಹಾಳೆಯ ಮೇಲೆ ಮಾತ್ರ ಅದು ಮೂಡುವುದಿಲ್ಲ.

ಹೆಸರು, ಶಾಲೆ ಬರೆಯಬೇಡಿ ಎಂದು ಹೇಳಿ ನೋಡಿದೆ. ನಕಾರಾತ್ಮಕ ಹೇಳಿಕೆ ಸೇರಿಸಿ, ಅವುಗಳ ಅಂಕವನ್ನು 5 ಇದ್ದಲ್ಲಿ 1, 1 ಇದ್ದಲ್ಲಿ 5 ಎಂದು ತಿರುಗಿಸಿದೆ. ಆಗ ಕೆಲವರು “ಇದಕ್ಕೆ ಅವಧಿ ಕೊಡುವುದು ವ್ಯರ್ಥ” ಎಂಬುದಕ್ಕೂ ಒಪ್ಪಿಗೆಯ ಗುರುತು ಹಾಕಿದರು! ಓದದೇ ಹಾಕಿದರೋ, ನಿಜವಾಗಿ ಹಾಗನ್ನಿಸಿತೋ ತಿಳಿಯುತ್ತಿಲ್ಲ. ಸಂದರ್ಶನ ಮಾಡೋಣವೆಂದರೆ ಅವರಿಗೆ ಪುರುಸೊತ್ತಿಲ್ಲ.

ಈಗ “ಜನವರಿ ಬಂದಿದೆ, ಪಾಠ ಉಳಿದಿದೆ, ಜೀವನ ಕೌಶಲದ ಅವಧಿಯಲ್ಲಿ ಏನು ಮಾಡುತ್ತೀರಿ?” ಎಂಬಂಥ ಸನ್ನಿವೇಶದ ಪ್ರಶ್ನೆಗಳನ್ನು ಸೇರಿಸಬೇಕೆಂದಿದ್ದೇನೆ. ಇವುಗಳ ಅಂಕವನ್ನು ಲೈಕರ್ಟ್ ಮೊತ್ತಕ್ಕೇ ಕೂಡಿಸಬಹುದೇ, ಅಥವಾ ಬೇರೆ ಭಾಗವಾಗಿಯೇ ವಿಶ್ಲೇಷಿಸಬೇಕೇ? ಮನೋಭಾವ ಮಾಪನಿ ತಯಾರಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.